ಇಟಲಿ ಸ್ಕೂಟರ್, ಶಿವಾಜಿನಗರದ ಗುಜರಿ, ನಮ್ಮ ಮನೆ ಅಂಗಳ

ಕೋಲಾರದ ಕಡೆಯವರಿಗೆ ಕಮರ್ಷಿಯಲ್ ಸ್ಟ್ರೀಟ್ ಅಂದರೆ ಮದುವೆ ಬಟ್ಟೆ. ನನಗೆ ಮಾತ್ರ ಆ ಹೆಸರು ಕೇಳಿದರೆ ಮೂಗಿಗೆ ಬರುವುದು ಗ್ರೀಸಿನ ವಾಸನೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮನ ಮದುವೆ ಗೊತ್ತಾಯಿತು. ಊರಿಂದ ಬಸ್ಸಿನಲ್ಲಿ ಬಂದು ಕೆ.ಆರ್. ಪುರದಲ್ಲಿ ಇಳಿದು, ಸಿಟಿ ಬಸ್ ಹತ್ತಿ ಶಿವಾಜಿನಗರ ಸೇರಿದೆವು. ಅಮ್ಮ, ಅಜ್ಜಿ, ಚಿಕ್ಕಮ್ಮ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿ ಹೊಕ್ಕರೆ ಮೂರು ಗಂಟೆ ಈಚೆಗೆ ಬರುವುದಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ನನ್ನ ಕೈ ಹಿಡಿದು ಶಿವಾಜಿನಗರದ ಗುಜರಿ ಗಲ್ಲಿಗೆ ಕರೆದುಕೊಂಡು ಹೋದರು.

ಅಲ್ಲಿ ಗೋಡೆ ತುಂಬ ಮಡ್‌ಗಾರ್ಡು, ಹ್ಯಾಂಡಲ್ಲು, ಸೈಲೆನ್ಸರ್. ನೆಲದ ಮೇಲೆ ಗೋಣಿಚೀಲ ಹಾಸಿ ಗೇರಿನ ಹಲ್ಲುಗಳನ್ನು ಕಡಲೆಕಾಯಿ ಹಾಗೆ ಗುಡ್ಡೆ ಹಾಕಿದ್ದರು. "ಭಾಯ್, ಚೇತಕ್ ಪಾಯಿಂಟ್ ಸೆಟ್ ಇದೆಯಾ?" ಅಂತ ಅಪ್ಪ ಕೇಳಿದರು. ಅವರು ಡ್ರಾಯರ್ ಎಳೆದು, ಎರಡು ತೆಗೆದು, ಒಂದನ್ನು ತಾವೇ ಬೇಡ ಅಂತ ಪಕ್ಕಕ್ಕಿಟ್ಟು, ಇನ್ನೊಂದನ್ನು ಕೊಟ್ಟರು. "ಇದನ್ನ ಹಾಕ್ಕೊಳ್ಳಿ ಸಾರ್. ಗ್ಯಾಪ್ ನೋಡೋಕೆ ಬರುತ್ತಲ್ಲ?"

"ಬರುತ್ತೆ" ಅಂದರು ಅಪ್ಪ. ಊರಿಗೆ ಬಂದ ಮೇಲೆ ಆ ಗ್ಯಾಪನ್ನು ಅವರು ನೋಡಿದ್ದು ಚಿಕ್ಕಮ್ಮನ ಲಗ್ನಪತ್ರಿಕೆಯ ಒಂದು ತುಂಡನ್ನು ತೂರಿಸಿ.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಮೆಕ್ಯಾನಿಕ್ ಅಲ್ಲ. ಆದರೂ ಅವರಿಗೆ ಇಂಜಿನ್ ಬಿಚ್ಚೋಕೆ ಬರುತ್ತಿತ್ತು. ಪಕ್ಕದ ಮನೆಯ ಪೋಸ್ಟ್‌ಮ್ಯಾನ್‌ಗೂ ಬರುತ್ತಿತ್ತು, ಎದುರು ಮನೆಯ ರೇಷ್ಮೆ ವ್ಯಾಪಾರಿಗೂ ಬರುತ್ತಿತ್ತು. ಒಂದು ತಲೆಮಾರಿನ ಮಾಮೂಲಿ ಜನಕ್ಕೆ ಈ ವಿದ್ಯೆ ಬಂದದ್ದು ಹೇಗೆ? ಈಗ ಅದು ಎಲ್ಲಿ ಹೋಯಿತು? ಈ ಬರಹ ಅದರ ಬಗ್ಗೆ.

ಕಣಜ, ಜೇನು, ನಾಯಿಮರಿ

ಚೇತಕ್ ಅಂದರೆ ರಾಣಾ ಪ್ರತಾಪನ ಕುದುರೆ. ಹೆಸರು ನಮ್ಮದು, ಆದರೆ ಗಾಡಿಯ ಹುಟ್ಟೂರು ಇಟಲಿ.

ಎರಡನೇ ಮಹಾಯುದ್ಧದಲ್ಲಿ ಇಟಲಿ ಸೋತು ನೆಲಕಚ್ಚಿತ್ತು. ಪೊಂಟೆದೆರಾ ಎಂಬ ಊರಿನಲ್ಲಿ ವಿಮಾನ ಮಾಡುತ್ತಿದ್ದ ಪಿಯಾಜಿಯೋ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ವಿಮಾನ ಕೊಳ್ಳುವವರು ಇಲ್ಲ. ಜನಕ್ಕೆ ಬೇಕಿದ್ದದ್ದು ಕಡಿಮೆ ದುಡ್ಡಿನಲ್ಲಿ ಓಡಾಡುವ ದಾರಿ. ಕೊರಾದಿನೋ ದ'ಅಸ್ಕಾನಿಯೋ ಎಂಬ ವಿಮಾನದ ಇಂಜಿನಿಯರ್ 1946ರಲ್ಲಿ ಒಂದು ಗಾಡಿ ಮಾಡಿಕೊಟ್ಟರು. ಅವರಿಗೆ ಮೋಟಾರ್ ಸೈಕಲ್ ಅಂದರೆ ಇಷ್ಟವಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ತಾಗುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ಕಷ್ಟ. ಅದಕ್ಕೇ ಅವರ ಗಾಡಿಯಲ್ಲಿ ಚೈನೇ ಇಲ್ಲ, ಇಂಜಿನ್ ನೇರವಾಗಿ ಹಿಂದಿನ ಚಕ್ರಕ್ಕೆ ಕೂತಿದೆ. ಮುಂದಿನ ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಪಕ್ಕದಿಂದ ಹಿಡಿದಿದ್ದಾರೆ. ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿದರೆ ಮುಗಿಯಿತು. ಹಿಂಭಾಗ ದಪ್ಪ, ನಡು ಸಣ್ಣ, ಗುಂಯ್ ಎನ್ನುವ ಸದ್ದು. ಅದಕ್ಕೆ ವೆಸ್ಪಾ ಅಂತ ಹೆಸರಿಟ್ಟರು. ಇಟಾಲಿಯನ್ ಭಾಷೆಯಲ್ಲಿ ವೆಸ್ಪಾ ಅಂದರೆ ಕಣಜ.

1948ರಲ್ಲಿ ಅದೇ ಕಂಪನಿ ಅದೇ ತತ್ವದ ಮೇಲೆ ಮೂರು ಚಕ್ರದ ಗಾಡಿ ಮಾಡಿ ಆಪೆ ಅಂತ ಕರೆಯಿತು. ಆಪೆ ಅಂದರೆ ಜೇನುನೊಣ. ನಮ್ಮ ಬಜಾಜ್ ಆಟೋ ರಿಕ್ಷಾ ಆ ಜೇನಿನ ಸಂತತಿ. ಬೊಲೊನ್ಯಾ ಊರಿನಲ್ಲಿ 1926ರಿಂದ ರೇಡಿಯೋ ಬಿಡಿಭಾಗ ಮಾಡುತ್ತಿದ್ದ ಇನ್ನೊಂದು ಕಂಪನಿ, ಯುದ್ಧ ಮುಗಿದ ಮೇಲೆ ಸೈಕಲ್ಲಿಗೆ ಕಟ್ಟುವ ಪುಟ್ಟ ಇಂಜಿನ್ ಮಾಡತೊಡಗಿತು. ಅದರ ಹೆಸರು ಕುಚ್ಚೊಲೊ, ಅಂದರೆ ನಾಯಿಮರಿ. ಆ ಕಂಪನಿ ಡುಕಾಟಿ. ಇಂದು ಇಂದಿರಾನಗರದಲ್ಲಿ ಎದೆ ನಡುಗಿಸುವ ಸದ್ದು ಮಾಡಿಕೊಂಡು ಹೋಗುವ ಕೆಂಪು ಬೈಕಿನ ಮುತ್ತಜ್ಜ ಒಂದು ಸೈಕಲ್ ಇಂಜಿನ್!

ಮಿಲಾನಿನಲ್ಲಿ ಇನ್ನೊಸೆಂಟಿ ಎಂಬ ಕಬ್ಬಿಣದ ಪೈಪಿನ ಕಂಪನಿ 1947ರಲ್ಲಿ ಲ್ಯಾಂಬ್ರೆಟ್ಟಾ ತಂದಿತು. ವೆಸ್ಪಾಗೆ ಒತ್ತಿದ ತಗಡಿನ ಮೈ, ಲ್ಯಾಂಬ್ರೆಟ್ಟಾಗೆ ಪೈಪಿನ ಎಲುಬು. ಇವೆಲ್ಲದರಲ್ಲೂ ಒಂದು ಗುಣ ಸಮಾನ. ಸೋತ ದೇಶದ ಬಡವರಿಗಾಗಿ ಮಾಡಿದ ಗಾಡಿ, ಕೆಟ್ಟರೆ ಕೊಂಡವನೇ ದಾರಿಯಲ್ಲಿ ಕೂತು ಸರಿ ಮಾಡಿಕೊಳ್ಳಬೇಕು.

ಕಾಯುವ ಕಾಲ

1948ರಿಂದ ಬಜಾಜ್ ಮನೆತನದ ಕಂಪನಿ ವೆಸ್ಪಾ ಗಾಡಿಗಳನ್ನು ಹಡಗಿನಲ್ಲಿ ತರಿಸಿ ಮಾರುತ್ತಿತ್ತು. 1959ರಲ್ಲಿ ಇಲ್ಲೇ ತಯಾರಿಸಲು ಸರ್ಕಾರದ ಲೈಸೆನ್ಸ್ ಸಿಕ್ಕಿತು, ಪುಣೆ ಹತ್ತಿರದ ಆಕುರ್ಡಿಯಲ್ಲಿ ಕಾರ್ಖಾನೆ ಬಂತು. ಲ್ಯಾಂಬ್ರೆಟ್ಟಾ ಬೊಂಬಾಯಿಯಲ್ಲಿ ತಯಾರಾಗುತ್ತಿತ್ತು. 1971ರಲ್ಲಿ ಪಿಯಾಜಿಯೋ ಜೊತೆಗಿನ ಒಪ್ಪಂದ ಮುಗಿಯಿತು. ಬಜಾಜ್ ಅದೇ ಗಾಡಿಯನ್ನು ತನ್ನ ಹೆಸರಿನಲ್ಲಿ ಮುಂದುವರಿಸಿತು. 1972ರಲ್ಲಿ ಚೇತಕ್ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಶುರು ಮಾಡಿ, ಬಾಗಿಲು ಹಾಕಿದ್ದ ಲ್ಯಾಂಬ್ರೆಟ್ಟಾ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ತಂದಿತು. ವಿಜಯ್ ಸೂಪರ್ ಹುಟ್ಟಿದ್ದು ಹಾಗೆ.

ಆಗ ಒಂದು ಕಾರ್ಖಾನೆ ವರ್ಷಕ್ಕೆ ಎಷ್ಟು ಗಾಡಿ ಮಾಡಬೇಕು ಅಂತ ಸರ್ಕಾರ ಹೇಳುತ್ತಿತ್ತು. ಕೇಳುವವರು ಲಕ್ಷಾಂತರ, ಸಿಗುವುದು ಕೆಲವರಿಗೆ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪ ಮದುವೆಗೆ ಮುಂಚೆ ಬುಕ್ ಮಾಡಿದ್ದ ಚೇತಕ್ ಕೈಗೆ ಬಂದದ್ದು 1986ರಲ್ಲಿ, ಆರು ವರ್ಷ ಕಾದ ಮೇಲೆ. ಹೊಸ ಗಾಡಿಗಿಂತ ಹಳೇ ಗಾಡಿಗೆ ಜಾಸ್ತಿ ಬೆಲೆ ಇದ್ದ ಕಾಲ ಅದು, ಯಾಕಂದರೆ ಹಳೇದು ಕೂಡಲೇ ಸಿಗುತ್ತದೆ.

ಅಷ್ಟು ಕಾದು ಪಡೆದ ಗಾಡಿಯನ್ನು ಕೆಟ್ಟಿತು ಅಂತ ಬಿಸಾಡುವ ಹಾಗಿಲ್ಲ. ಹತ್ತಿರದ ಮೆಕ್ಯಾನಿಕ್ ಅಂದರೆ ತಾಲ್ಲೂಕು ಕೇಂದ್ರ, ಇಪ್ಪತ್ತು ಕಿಲೋಮೀಟರ್. ಹಾಗಾಗಿ ಜನ ಕಲಿತರು. ಗಾಡಿ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅಪ್ಪ ಅದನ್ನು ಓದಿ ಕಲಿತದ್ದಲ್ಲ. ಒಬ್ಬರು ಬಿಚ್ಚುವಾಗ ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತಾ ಕಲಿತರು. ಇಟಲಿಯವರು ಬಿಚ್ಚಲು ಬರುವ ಗಾಡಿ ಮಾಡಿದರು, ಬಿಚ್ಚಲೇಬೇಕಾದ ಗತಿ ತಂದದ್ದು ನಮ್ಮ ಲೈಸೆನ್ಸ್ ಕಾಲ.

ದಂಡಿನ ಕೊಡುಗೆ

ಮೂರನೆಯದು ಬೇಕಿತ್ತು: ಬಿಡಿಭಾಗ. ನಮ್ಮ ಕಡೆಯವರಿಗೆ ಅದನ್ನು ಕೊಟ್ಟದ್ದು ಬೆಂಗಳೂರಿನ ದಂಡು.

ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ಸೈನ್ಯವನ್ನು 1809ರಲ್ಲಿ ಹಲಸೂರಿನ ಪಕ್ಕಕ್ಕೆ ತಂದು ಕೂರಿಸಿದರು. ಆ ಸೈನ್ಯದ ಬೆನ್ನಿಗೆ ಒಂದು ಊರೇ ಬೆಳೆಯಿತು: ದರ್ಜಿಗಳು, ಚಮ್ಮಾರರು, ಕಮ್ಮಾರರು, ಗಾಡಿ ರಿಪೇರಿಯವರು, ಹಳೇ ಸಾಮಾನಿನ ವ್ಯಾಪಾರಿಗಳು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಸಿಕ್ಕರೂ ದಂಡು ಮಾತ್ರ 1947ರ ಜುಲೈವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆದರೂ ಈಗಲೂ ಆ ಕಡೆ ಹೋದರೆ ಒಂದೇ ವಾಕ್ಯದಲ್ಲಿ ಉರ್ದು, ತಮಿಳು, ಕನ್ನಡ ಮೂರೂ ಕೇಳಿಸುತ್ತವೆ.

ಸೈನ್ಯ ಇದ್ದಲ್ಲಿ ಸವೆದ ಸಾಮಾನು ಇದ್ದೇ ಇರುತ್ತದೆ. ಸವೆದ ಸಾಮಾನಿದ್ದಲ್ಲಿ ಅದನ್ನು ಬಿಚ್ಚಿ, ಒಳ್ಳೆಯದನ್ನು ಆರಿಸಿ, ಮತ್ತೆ ಮಾರುವ ಕೈಗಳು ಹುಟ್ಟುತ್ತವೆ. ಕಮರ್ಷಿಯಲ್ ಸ್ಟ್ರೀಟಿನ ಮುಂಭಾಗ ರೇಷ್ಮೆ, ಬಂಗಾರ. ಅಲ್ಲಿಂದ ಸ್ವಲ್ಪ ನಡೆದು ರಸಲ್ ಮಾರ್ಕೆಟ್ ಕಡೆಗೆ ಹೋದರೆ ಕಬ್ಬಿಣ, ಎಣ್ಣೆ. ಹೊಸ ಸ್ಪೇರ್‌ಗೆ ಜೆ.ಸಿ. ರಸ್ತೆ, ಹಳೇದಕ್ಕೆ ಶಿವಾಜಿನಗರ ಅನ್ನುವುದು ಹಳ್ಳಿಯವರಿಗೂ ಗೊತ್ತಿದ್ದ ಲೆಕ್ಕ. ಒಂದು ಗಾಡಿ ಸತ್ತರೆ ಅದರ ಅಂಗಾಂಗ ಹತ್ತು ಗಾಡಿಗಳನ್ನು ಬದುಕಿಸುತ್ತಿತ್ತು.

ಗಾಡಿ ಸ್ಟಾರ್ಟ್ ಆಗದಿದ್ದರೆ

2020ರ ಲಾಕ್‌ಡೌನ್‌ನಲ್ಲಿ ನಿಂತ ನಮ್ಮ ಚೇತಕ್ ಹಾಗೇ ನಿಂತುಬಿಟ್ಟಿತ್ತು. ಅಪ್ಪನ ಕೈ ಈಗ ನಡುಗುತ್ತದೆ. ಗುಜರಿಯವರು ಮನೆ ಮುಂದೆ ಬಂದು ಎರಡು ಸಲ ಬೆಲೆ ಕೇಳಿ ಹೋಗಿದ್ದರು. ಕೊಟ್ಟುಬಿಡೋಣ ಅಂತ ನಾನೂ ಅಂದಿದ್ದೆ. ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನ ನೋಡಿದರೆ ಗಾಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. "ಬಾ, ಪ್ಲಗ್ ಬಿಚ್ಚು" ಅಂದರು.

ಅವರು ಹೇಳಿದ್ದು, ನಾನು ಮಾಡಿದ್ದು ಇಷ್ಟು. ಹಳೇ ಟೂ ಸ್ಟ್ರೋಕ್ ಗಾಡಿ ಇರುವವರಿಗೆ ಉಪಯೋಗಕ್ಕೆ ಬಂದೀತು.

ಇಂಜಿನ್ನಿಗೆ ಬೇಕಾದದ್ದು ಮೂರೇ: ಪೆಟ್ರೋಲ್, ಕಿಡಿ, ಗಾಳಿ. ಯಾವುದು ಇಲ್ಲ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು.

ಹತ್ತು ಕಿಕ್ ಹೊಡೆದು ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಓಡಿದ ಗಾಡಿಯ ಪ್ಲಗ್ ತುದಿ ಕಂದು ಬಣ್ಣಕ್ಕಿದ್ದರೆ ಆರೋಗ್ಯ ಸರಿ ಇದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದೆ, ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿರಬಹುದು. ಪ್ಲಗ್ಗಿನ ಎರಡು ತುದಿಗಳ ನಡುವೆ ಕೂದಲಿನಷ್ಟು ಮಸಿ ಕೂತರೂ ಗಾಡಿ ನಿಲ್ಲುತ್ತದೆ. ಅಮ್ಮನ ಹಳೇ ಸೀರೆಯ ತುಂಡು, ಒಂದು ಉಪ್ಪುಕಾಗದ ಸಾಕು.

ನಮ್ಮ ಪ್ಲಗ್ ಒಣಗಿತ್ತು. ಟ್ಯಾಂಕಿನಲ್ಲಿ ನಾಲ್ಕು ವರ್ಷದ ಪೆಟ್ರೋಲ್ ಬೆಲ್ಲದ ಪಾಕದಂತೆ ಅಂಟಾಗಿತ್ತು. ಟ್ಯಾಂಕ್ ತೊಳೆದು, ಕಾರ್ಬೊರೇಟರ್ ಬಿಚ್ಚಿ ಜೆಟ್‌ಗಳನ್ನು ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಜೆಟ್ಟಿನ ತೂತಿಗೆ ತಂತಿ ಹಾಕಬೇಡ ಅಂತ ಅಪ್ಪ ಗದರಿದರು. ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಪೆಟ್ರೋಲ್ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ.

ಆಮೇಲೆ ಕಿಡಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ಆಗ ಹತ್ತಿರ ತೆರೆದ ಪೆಟ್ರೋಲ್ ಇರಬಾರದು. ಕಿಡಿ ನೀಲಿಯಾಗಿ ಚಟ್ ಅಂದರೆ ಸರಿ, ಹಳದಿಯಾಗಿ ಸೋತಿದ್ದರೆ ತೊಂದರೆ. ನಮ್ಮದು ಹಳದಿ. ಫ್ಲೈವೀಲಿನ ಕಿಂಡಿಯಿಂದ ನೋಡಿದರೆ ಪಾಯಿಂಟಿನ ಮೇಲೆ ಬೂದು ಪೊರೆ. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಗ್ಯಾಪ್ ಕೂರಿಸಿದೆ. 0.3ರಿಂದ 0.5 ಮಿಲಿಮೀಟರ್ ಒಳಗಿರಬೇಕು. ಮನೆಯಲ್ಲಿ ಈಗಲೂ ಲಗ್ನಪತ್ರಿಕೆಗಳಿಗೆ ಬರವಿಲ್ಲ.

ಸ್ಟಾರ್ಟ್ ಆಯಿತು! ಅಂಗಳದ ತುಂಬ ಹೊಗೆ. ಹತ್ತು ನಿಮಿಷ ಓಡಿ ನಿಂತಿತು. ಅರ್ಧ ಗಂಟೆ ಬಿಟ್ಟು ಹೊಡೆದರೆ ಮತ್ತೆ ಸ್ಟಾರ್ಟ್, ಮತ್ತೆ ಹತ್ತು ನಿಮಿಷ.

"ತಣ್ಣಗಿದ್ದಾಗ ಓಡಿ ಕಾದಾಗ ಸಾಯುತ್ತೆ ಅಂದ್ರೆ ಕಂಡೆನ್ಸರ್" ಅಂದರು ಅಪ್ಪ, ಕುರ್ಚಿಯಿಂದ ಏಳದೆ. ಬಿಸಿಯಾದಾಗ ಒಳಗೇ ಸೋರುವ ಕಂಡೆನ್ಸರ್ ಕಿಡಿಯ ಜೀವ ತೆಗೆಯುತ್ತದೆ. ಮೀಟರ್ ಇಲ್ಲದೆ, ಗಾಡಿ ಮುಟ್ಟದೆ ಹೇಳಿದ ಮಾತು. ಫ್ಲೈವೀಲ್ ತೆಗೆದು ಬದಲಾಯಿಸಬೇಕು ಅಂತಲೂ ಹೇಳಿದರು.

ಆ ಒಂದು ಕಂಡೆನ್ಸರ್‌ಗಾಗಿ ನಾನು ಮತ್ತೆ ಶಿವಾಜಿನಗರಕ್ಕೆ ಹೋದೆ. ಗಲ್ಲಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಹೊಸ ಗಾಡಿಗಳ ಪ್ಲಾಸ್ಟಿಕ್ ಭಾಗಗಳು. ನಾಲ್ಕು ಅಂಗಡಿಯಲ್ಲಿ ಇಲ್ಲ ಅಂದರು. ಐದನೆಯವರು ವಯಸ್ಸಾದವರು, ಡ್ರಾಯರ್ ಎಳೆದರು. ಎರಡು ಇದ್ದವು. ಒಂದನ್ನು ಪಕ್ಕಕ್ಕಿಟ್ಟು ಇನ್ನೊಂದು ಕೊಟ್ಟರು. "ಯಾರಿಗೆ?" ಅಂದರು. ಅಪ್ಪನ ಗಾಡಿಗೆ ಅಂದೆ. "ಅಪ್ಪ ಇದ್ದಾರಾ?" ಇದ್ದಾರೆ ಅಂದೆ. "ಸಲಾಂ ಹೇಳಿ."

ಹೊಗೆಯ ಲೆಕ್ಕ

ಹಳೇದೆಲ್ಲ ಒಳ್ಳೇದು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆ ಸೈಲೆನ್ಸರಿನಿಂದ ಆಚೆ ಹೋಗುತ್ತದೆ, ಜೊತೆಗೆ ಸುಟ್ಟ ಆಯಿಲ್. ಅದರ ಹೊಗೆ ಕುಡಿದದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಜನ. 1991ರಲ್ಲಿ ಶುರುವಾದ ಹೊಗೆ ನಿಯಮಗಳು 1996ರಲ್ಲಿ, 2000ದಲ್ಲಿ ಬಿಗಿಯಾದವು. ಅದಕ್ಕೂ ಮುಂಚೆ, 1985ರಲ್ಲೇ, ಹೀರೋ ಹೋಂಡಾ ಫೋರ್ ಸ್ಟ್ರೋಕ್ ಬೈಕ್ ತಂದಿತ್ತು. ಕಡಿಮೆ ಪೆಟ್ರೋಲ್, ಕಡಿಮೆ ರಿಪೇರಿ. 2001ರಲ್ಲಿ ಆಕ್ಟಿವಾ ಬಂದ ಮೇಲೆ ಗೇರಿನ ಸ್ಕೂಟರ್ ಹಿಂದೆ ಬಿತ್ತು. ಅಮ್ಮ ಗಾಡಿ ಓಡಿಸಲು ಕಲಿತದ್ದು ಗೇರಿಲ್ಲದ ಗಾಡಿ ಮನೆಗೆ ಬಂದ ಮೇಲೆ. ಚೇತಕ್ ಇದ್ದಷ್ಟು ದಿನ ಅವರ ಪಾಲಿಗೆ ಬಂದದ್ದು ಒರೆಸುವ ಬಟ್ಟೆ ಕೊಡುವ ಕೆಲಸ ಮಾತ್ರ. ಅದನ್ನೂ ಮರೆಯಬಾರದು.

2020ರ ಜನವರಿಯಲ್ಲಿ ಚೇತಕ್ ಹೆಸರು ವಾಪಸ್ ಬಂತು, ಕರೆಂಟಿನ ಸ್ಕೂಟರಾಗಿ. ಮೊದಲು ಬಿಡುಗಡೆಯಾದ ಎರಡು ಊರುಗಳಲ್ಲಿ ಬೆಂಗಳೂರು ಒಂದು. ಹೊಗೆ ಇಲ್ಲ, ಕಿಕ್ಕರ್ ಇಲ್ಲ, ಪ್ಲಗ್ ಇಲ್ಲ. ಕೆಟ್ಟರೆ ಕಂಪ್ಯೂಟರ್ ಜೋಡಿಸಿ ನೋಡಬೇಕು. ಗಾಡಿ ಒಳ್ಳೆಯದೇ. ಆದರೆ ಅದರ ಪಕ್ಕ ಕೂತು ಮಗನಿಗೆ ಸ್ಪ್ಯಾನರ್ ಹಿಡಿಯಲು ಹೇಳಿಕೊಡುವ ಅವಕಾಶ ಕಡಿಮೆ.

ಹಳೇ ಗಾಡಿ ಉಳಿಸಿಕೊಂಡವರಿಗೆ ಹೊಸ ತಲೆನೋವುಗಳೂ ಇವೆ. ಹದಿನೈದು ವರ್ಷ ದಾಟಿದರೆ ಆರ್‌ಸಿ ನವೀಕರಣ ಮಾಡಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಬಿಡುಗಡೆ ಮಾಡಿದ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಹಳೇ ಗಾಡಿಯಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಇಡಬೇಡಿ. ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬೊರೇಟರಿನ ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ನಿಲ್ಲಿಸಿ. ಪೈಪು, ವಾಷರುಗಳನ್ನು ಹೊಸದಾಗಿ ಹಾಕಿಸಿ.

ಕೆಂಪು ಬೈಕಿಗೂ ಅದೇ ಪಾಠ

ಕಂಡೆನ್ಸರ್ ತರಲು ಹೋದ ದಿನ ಇಂದಿರಾನಗರದಲ್ಲಿ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವನ ಬಳಿ ಹಳೇ ಡುಕಾಟಿ ಇದೆ, ನೆಲಮಹಡಿಯಲ್ಲಿ ತಾನೇ ಬಿಚ್ಚಿಕೊಂಡು ಕೂತಿದ್ದ. ಬೇರೆ ಬೈಕುಗಳಲ್ಲಿ ವಾಲ್ವ್ ಮುಚ್ಚುವುದು ಸ್ಪ್ರಿಂಗ್. ಅವನ ಡುಕಾಟಿಯಲ್ಲಿ ಅದನ್ನು ಎಳೆದು ಮುಚ್ಚಲು ಬೇರೆಯದೇ ಒಂದು ತೋಳಿದೆ. ಫಾಬಿಯೋ ಟಾಲಿಯೋನಿ ಎಂಬ ಇಂಜಿನಿಯರ್ 1956ರಲ್ಲಿ ಡುಕಾಟಿಯ ರೇಸ್ ಬೈಕಿಗೆ ಅಳವಡಿಸಿದ ಪದ್ಧತಿ. ಸಂದು ಕೂದಲೆಳೆಯಷ್ಟು ತಪ್ಪಿದರೂ ಕಷ್ಟ, ಅದಕ್ಕೇ ಆಗಾಗ ಅಳೆಯಬೇಕು. ಹಳೇ ಮಾಡೆಲ್‌ಗಳಲ್ಲಿ ವಾಲ್ವ್ ನಡೆಸುವ ರಬ್ಬರ್ ಬೆಲ್ಟುಗಳನ್ನು ಎರಡು ವರ್ಷಕ್ಕೋ ಇಪ್ಪತ್ತು ಸಾವಿರ ಕಿಲೋಮೀಟರಿಗೋ, ಯಾವುದು ಮೊದಲೋ ಆಗ ಬದಲಾಯಿಸಬೇಕು. ಓಡಿಸದೆ ನಿಲ್ಲಿಸಿದರೂ ಬೆಲ್ಟಿಗೆ ವಯಸ್ಸಾಗುತ್ತದೆ. ಅದು ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಹೊಡೆದು ಇಂಜಿನ್ನೇ ಹೋಗುತ್ತದೆ.

ನಮ್ಮ ಗಾಡಿಗಿಂತ ನೂರು ಪಟ್ಟು ಬೆಲೆಯ ಬೈಕು. ಅದು ಒಂದು ದಿನ ಸ್ಟಾರ್ಟ್ ಆಗದಿದ್ದಾಗ ಅವನು ಏನು ಮಾಡಿದ ಅಂತ ಕೇಳಿದೆ. "ಬ್ಯಾಟರಿ ನೋಡಿದೆ, ಚಾರ್ಜ್ ಆಗ್ತಾ ಇರಲಿಲ್ಲ. ರೆಕ್ಟಿಫೈಯರ್ ಹೋಗಿತ್ತು" ಅಂದ. ಕಿಡಿ ಇಲ್ಲ, ಕಿಡಿಗೆ ಬೇಕಾದ ಕರೆಂಟ್ ಎಲ್ಲಿ ನಿಂತಿದೆ ಅಂತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹುಡುಕುವುದು. ಅಪ್ಪ ಕುರ್ಚಿಯಲ್ಲಿ ಕೂತು ಮಾಡಿದ್ದೂ ಅದೇ.

ಉಳಿಸಬೇಕಾದದ್ದು ಇದು ಅಂತ ನನಗೆ ಅನ್ನಿಸಿದ್ದು ಆಗ. ಚೇತಕ್ ಇವತ್ತಲ್ಲ ನಾಳೆ ಹೋಗುತ್ತದೆ, ಹೋಗಲಿ. ಆದರೆ ಕೆಟ್ಟ ವಸ್ತುವಿನ ಮುಂದೆ ಕೂತು "ಏನು ಇದೆ, ಏನು ಇಲ್ಲ" ಅಂತ ಯೋಚಿಸುವ ಅಭ್ಯಾಸ ಹೋಗಬಾರದು. ಪಂಪ್‌ಸೆಟ್ಟಿಗೂ ಅದೇ ಬೇಕು, ಟಿಲ್ಲರಿಗೂ ಅದೇ ಬೇಕು. ನಮ್ಮ ಹಳ್ಳಿಗಳಲ್ಲಿ ಅದನ್ನು ಕಲಿಸಿದ ಶಾಲೆಗೆ ಎರಡು ಚಕ್ರ, ಒಂದು ಸ್ಟೆಪ್ನಿ ಇತ್ತು.

ಕಂಡೆನ್ಸರ್ ಹಾಕಿದ ದಿನ ಸಂಜೆ ಗಾಡಿ ನಿಲ್ಲದೆ ಓಡಿತು. ಊರ ಕೆರೆ ಏರಿಯವರೆಗೂ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಿ ಬಂದೆ. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ಗೇರ್ ಕೇಬಲ್ ಸಡಿಲ ಇದೆ, ನಾಳೆ ನೋಡು."

ನಿಮ್ಮೂರಲ್ಲೂ ಪ್ಲಗ್ ನೋಡಿ ಇಂಜಿನ್ನಿನ ಜಾತಕ ಹೇಳುವವರು ಒಬ್ಬರಾದರೂ ಇರುತ್ತಾರೆ. ಅವರ ಪಕ್ಕ ಒಂದು ಮಧ್ಯಾಹ್ನ ಕೂತುಕೊಳ್ಳಿ. ಫೋನು ಕೈಯಲ್ಲೇ ಇದೆಯಲ್ಲ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಸ್ಪ್ಯಾನರ್ ಹಿಡಿದುಕೊಳ್ಳಿ.